ತಿಪ್ಪೆಗೆ ಹೋದ ಕೋಳಿ

ಕಟಕೋಳದ ಕಾಡವ್ವ ಊಟ ಬಿಟ್ಟರೂ ಬಿಟ್ಟಾಳು, ಕತೆ ಬಿಡುವವಳಲ್ಲ. ಗಂಡ ತೀರಿದ ಮೇಲೆ ಊರಿನ ಪ್ರಾರ್ಥನಾ ಮಂದಿರಕ್ಕೆ ನಡೆದುಕೊಳ್ಳುತ್ತಿದ್ದಳು; ಭಾನುವಾರ ಅಲ್ಲಿಯ ಮಕ್ಕಳನ್ನು ಸಂಭಾಳಿಸುವ ಕೆಲಸ ಅವಳ ಕೊರಳಿಗೆ ಬಿದ್ದಿತ್ತು. ಬೈಬಲ್ ಓದಲು ಬಾರದು. ಹಾಗಾಗಿ ಮನೆಯ ಕೋಳಿಗಳನ್ನೇ ಕತೆಯೊಳಗೆ ಎಳೆದು ತರುತ್ತಿದ್ದಳು.

ಕಾವಿಗೆ ಕೂಡಿಸಿದ ತತ್ತಿಗಳನ್ನು, ಮರಿಯಾಗುವ ಹೊತ್ತು ಹತ್ತಿರ ಬಂದಾಗ, ಉಗುರುಬೆಚ್ಚಗಿನ ನೀರಿಗೆ ಬಿಟ್ಟು ನೋಡುತ್ತಾರೆ. ಜೀವವಿದ್ದರೆ ತತ್ತಿ ಅಲುಗುತ್ತದೆ, ಇಲ್ಲದಿದ್ದರೆ ಸುಮ್ಮನೆ ಬಿದ್ದಿರುತ್ತದೆ. ಕಾಡವ್ವನ ಕತೆಯಲ್ಲಿ ಒಡತಿ ಅಲುಗದ ತತ್ತಿಯೊಂದನ್ನು ತಿಪ್ಪೆಗೆ ಒಗೆಯುತ್ತಾಳೆ. ಕೋಳಿ ಬುಟ್ಟಿ ಬಿಟ್ಟು ತಿಪ್ಪೆಗೆ ಹೋಗಿ ಅದರ ಮೇಲೆ ಕೂಡುತ್ತದೆ. ಕಡೆಗೆ ಮರಿ ಚಿಂವ್ ಅನ್ನುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಕತೆ ಅಷ್ಟೇ.

ಒಮ್ಮೆ ಪಾಸ್ಟರ್ ಗೌತಮ ಬಾಗಿಲಲ್ಲಿ ನಿಂತು ಕೇಳಿದರು. ಒಳ್ಳೆಯ ಮನುಷ್ಯ, ಕಣ್ಣು ಒದ್ದೆಯಾದವು.

"ಕಾಡವ್ವಾರ, ಇದು ಬರೇ ಕೋಳಿ ಕತಿ ಅಲ್ಲರಿ. ಹೊಟ್ಟ್ಯಾಗಿನ ಕೂಸನ್ನ ದೇವರು ಮೊದಲ ಬಲ್ಲ. ಅದನ್ನ ತಗಸಾಕ ನಾವ್ಯಾರು? ಮುಂದಿನ ಐತವಾರ ಸಭಾದಾಗ ಹೇಳ್ರಿ."

ಹೆಬ್ಬೆಟ್ಟಿನ ಹೆಂಗಸಿನ ಕತೆಯಲ್ಲಿ ದೇವರ ಮಾತು ಸಿಕ್ಕಿತೆಂದರೆ ಯಾರು ಉಬ್ಬುವುದಿಲ್ಲ? ಕಾಡವ್ವ ಉಬ್ಬಿದಳು. ಆ ಉಬ್ಬಿನಲ್ಲಿ ಮಗಳು ರೇಣು ನೆನಪಾಗಲಿಲ್ಲ. ಆಗಬೇಕಿತ್ತು.

ಹೋದ ವರ್ಷ ರೇಣು ಐದು ತಿಂಗಳ ಬಸುರಿಯಾಗಿದ್ದಾಗ ಸ್ಕ್ಯಾನಿಂಗ್ ನೋಡಿದ ಡಾಕ್ಟರು, ಕೂಸಿಗೆ ತಲೆಬುರುಡೆಯೇ ಬೆಳೆದಿಲ್ಲ, ಹುಟ್ಟಿದರೂ ಉಳಿಯದು ಎಂದಿದ್ದರು. ತೆಗೆಸಿಬಿಡೋಣ ಎಂದು ಮೊದಲು ಅಂದವಳು ಕಾಡವ್ವನೇ. ಊರಿಗೆ ಮಾತ್ರ ಕೂಸು ಹೊಟ್ಟೆಯಲ್ಲೇ ತೀರಿತ್ತೆಂದು ಹೇಳಿದ್ದರು.

ಭಾನುವಾರ ರೇಣು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಅವ್ವನ ಕತೆ ಮುಗಿಯಿತು. ಪಾಸ್ಟರು ಅರ್ಥ ಬಿಡಿಸಿದರು: ತತ್ತಿಯೆಂದರೆ ಹುಟ್ಟದ ಕೂಸು, ಒಗೆದವಳು ಈ ಲೋಕ, ಹುಡುಕಿ ಹೋದ ಕೋಳಿ ದೇವರ ಪ್ರೀತಿ.

"ಕೂಸು ತಗಸಿದ ತಾಯಂದ್ರು ಇಲ್ಲಿ ಯಾರರ ಇದ್ರ, ಅತ್ತು ಬೇಡ್ಕೋರಿ. ದೇವರು ಕ್ಷಮಿಸ್ತಾನ."

ಕಾಡವ್ವ ಆಗ ಮಗಳ ಮುಖ ನೋಡಿದಳು. ತಗಸಿದಾಕಿ ನಾನು ಎಂದು ಎದ್ದು ಹೇಳಬೇಕೆನಿಸಿತು, ಏಳಲಿಲ್ಲ. ಸುತ್ತಲಿನ ಹೆಂಗಸರೆಲ್ಲ ಅವಳ ಕತೆಗೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ರೇಣು ಮಾತ್ರ ಅಳಲಿಲ್ಲ.

ಮನೆಗೆ ಬಂದೊಡನೆ ಕಾಡವ್ವ ಮಗಳ ಕೈ ಹಿಡಿದಳು.

"ತಪ್ಪಾತು ನನ್ನವ್ವಾ. ಆ ಅರ್ಥ ನಾ ಇಟ್ಟಿದ್ದಲ್ಲ. ನಿಂದೇನೂ ಪಾಪ ಇಲ್ಲ."

"ಪಾಪದ ಮಾತು ಬಿಡಬೇ, ಅದನ್ನ ಪಾಸ್ಟರು ನೋಡ್ಕೊಳ್ಳಲಿ," ಎಂದಳು ರೇಣು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ನನಗ ಒಂದ ಹೇಳು. ಆ ಕೋಳಿಗಿ ಎಲ್ಲಿ ಹೋಗಬೇಕಂತ ಗೊತ್ತಿತ್ತು. ನನ್ನ ಕೂಸನ್ನ ಎಲ್ಲಿ ಇಟ್ರಿ?"

ಕಾಡವ್ವ ಮಗಳ ಕೈ ಬಿಟ್ಟಳು. ಅಂದು ಆಸ್ಪತ್ರೆಯಲ್ಲಿ, ಮಗಳು ನೋಡಿದರೆ ಎದೆ ಒಡೆದುಕೊಂಡಾಳೆಂದು, ಕೂಸನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವಸರದಿಂದ ಆಯಾಳ ಕೈಗೆ ಕೊಟ್ಟಿದ್ದಳು. ಎಲ್ಲಿಗೆ ಒಯ್ಯುತ್ತೀ ಎಂದು ತಾನೂ ಕೇಳಿರಲಿಲ್ಲ.