ಬೊಗಸೆ ನೀರು

ಹೊಳೆನರಸೀಪುರದಲ್ಲಿ ನಮ್ಮ ಮೊದಲ ಬೆಳಿಗ್ಗೆ. ಗಂಟು ಬಿಚ್ಚಿ ಪಾತ್ರೆಗಳನ್ನು ಹೊರಗಿಡುತ್ತಿದ್ದೆ. ಹಿತ್ತಿಲ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

‘ಬೆಂಕಿ ಐತೇನವ್ವ?’ ಎಂದಳು.

ಕೈಯಲ್ಲಿ ಒಣಗಿದ ಬೆರಣಿ ಇತ್ತು. ನಾನು ಕಡ್ಡಿಪೆಟ್ಟಿಗೆ ಕೊಡಲು ಹೋದೆ. ಅವಳು ನಕ್ಕುಬಿಟ್ಟಳು. ‘ಕಡ್ಡಿಪೆಟ್ಗೆ ನಮ್ಮನೇಲೂ ಐತೆ ಕಣವ್ವ. ಪಕ್ದಾಗೇ ಒಲೆ ಉರೀತಾ ಇರೋವಾಗ ಕಡ್ಡಿ ಯಾಕೆ ಗೀರ್ಬೇಕು? ಒಂದು ಕೆಂಡ ಕೊಡಿ.’ ನಾನು ಹೂಂ ಎನ್ನುವ ಮೊದಲೇ ಒಳಗೆ ಬಂದು, ನಮ್ಮ ಒಲೆಯ ಕೆಂಡವನ್ನು ಬೆರಣಿಗೆ ತಗುಲಿಸಿ, ಅದು ಹೊತ್ತಿಕೊಳ್ಳುವಷ್ಟರಲ್ಲಿ ಇಡೀ ಅಡುಗೆಮನೆಯನ್ನು ಕಣ್ಣಿನಲ್ಲೇ ಗುಡಿಸಿಬಿಟ್ಟಳು. ಆಕೆ ನಂಜಮ್ಮ, ನಮಗೆ ಬಾಡಿಗೆಗೆ ಮನೆ ಕೊಟ್ಟ ಗೌಡರ ಹೆಂಡತಿ. ಊರಿನ ಸುತ್ತ ಅವರಿಗೆ ಬೇಕಾದಷ್ಟು ಗದ್ದೆ ಇತ್ತು. ಆದರೂ ಬೆಳಗಿನ ಬೆಂಕಿಯನ್ನು ಪಕ್ಕದ ಮನೆಯಿಂದ ತರುವುದೇ ಅವರ ರೂಢಿ.

ಇದನ್ನು ಓದುವ ನಮ್ಮ ಕರಾವಳಿಯ ನಿಮಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆಯೋ ತೆಂಗಿನ ತೋಟವೋ ಇರುತ್ತದೆ. ನೆರೆಮನೆಯವರು ಬರುತ್ತಿದ್ದರೆ ದೂರದಿಂದಲೇ ಕಾಣುತ್ತದೆ, ಸೆರಗು ಸರಿಮಾಡಿಕೊಳ್ಳಲು ಸಮಯವಿರುತ್ತದೆ. ಇಲ್ಲಿ ಗೋಡೆಗೆ ಗೋಡೆ. ನಮ್ಮ ಮನೆಯ ಒಗ್ಗರಣೆಗೆ ಅವರ ಮನೆಯಲ್ಲಿ ಸೀನುತ್ತಾರೆ.

ನಾವು ಬಂದ ಕಾರಣವನ್ನೂ ಹೇಳಬೇಕು. ನನ್ನ ತಮ್ಮ ಸಾಮು ಬಿ.ಎ. ಮುಗಿಸಿ ಬೆಂಗಳೂರಿನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜಿಗೆ ಸೇರಿದ್ದ. ಆರಿಸಿಕೊಂಡದ್ದು ಯುವಜನರ ಸೇವೆಯನ್ನು. ಶಾಲೆ ಬಿಟ್ಟ ಹುಡುಗರು, ಮದುವೆಗೆ ಕಾದಿರುವ ಹುಡುಗಿಯರು, ಹೊಸದಾಗಿ ಕೆಲಸಕ್ಕೆ ಸೇರಿದವರು, ಇಂಥವರ ನಡುವೆ ಹೇಗೆ ಕೆಲಸ ಮಾಡಬೇಕೆಂಬುದೇ ಅಲ್ಲಿಯ ಓದು. ಪುಸ್ತಕದ ಪಾಠ ಮುಗಿದ ಮೇಲೆ ಒಂದು ವರ್ಷ ಯಾವುದಾದರೂ ಸೀಮೆಯಲ್ಲಿ ನೆಲೆಸಿ ಕೆಲಸ ಮಾಡಿ ತೋರಿಸಬೇಕು. ಕೊನೆಗೆ ಅವನ ಗುರುಗಳು ಬಂದು ನೋಡಿ ಒಪ್ಪಿದರೆ ಮಾತ್ರ ದೀಕ್ಷೆ. ಸಾಮುವಿಗೆ ಸಿಕ್ಕಿದ್ದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಅವನಿಗೆ ಮದುವೆಯಾಗಿರಲಿಲ್ಲ. ಹೆಂಗಸಿಲ್ಲದ ಮನೆಗೆ ಹುಡುಗಿಯರನ್ನು ಯಾರು ಕಳಿಸುತ್ತಾರೆ? ನನ್ನ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ‘ಅಕ್ಕ, ನೀನು ಬಂದರೆ ಮಾತ್ರ ಈ ಕೆಲಸ ಆಗುತ್ತದೆ’ ಎಂದ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಪದವೀಧರನ ಪರೀಕ್ಷೆಗೆ ನಾನೂ ಬೇಕಾದೆನಲ್ಲ ಎಂದು ಹೆಮ್ಮೆಯಾಯಿತು. ಬಸ್ಸಿನಲ್ಲಿ ಘಟ್ಟ ಹತ್ತುವಾಗ ಆ ಹೆಮ್ಮೆ ಇತ್ತು, ಹಾಸನ ತಲುಪುವಾಗ ವಾಕರಿಕೆ ಮಾತ್ರ ಉಳಿದಿತ್ತು.

ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿ ಆಗಷ್ಟೇ ಸ್ವಲ್ಪ ಕಾಲವಾಗಿತ್ತು. ಇಲ್ಲಿಯವರಿಗೆ ನಾವಿನ್ನೂ ‘ಮದ್ರಾಸ್ ಕಡೆಯೋರು’. ಮನೆಯಲ್ಲಿ ನಾವು ಆಡುವುದು ತುಳು. ನನಗೆ ಬರುತ್ತಿದ್ದ ಕನ್ನಡ ಶಾಲೆಯದು, ಆರಾಧನೆಯಲ್ಲಿ ಓದುವ ಸತ್ಯವೇದದ್ದು. ‘ಬನ್ನಿರಿ, ಕುಳಿತುಕೊಳ್ಳಿರಿ, ಊಟವಾಯಿತೇ’ ಎಂದರೆ ನಂಜಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ‘ನಾಟಕ್ದೋರಂಗೆ ಮಾತಾಡ್ತೀರಲ್ಲವ್ವ! ಕಿರೀಟ ಒಂದು ಇಲ್ಲ ಅಷ್ಟೇಯ.’ ಇಲ್ಲಿ ಹಿಟ್ಟೆಂದರೆ ರಾಗಿಮುದ್ದೆ. ‘ಇಟ್ಟು ಉಂಡ್ರಾ?’ ಎಂದು ಕೇಳಿದರೆ ಊಟವಾಯಿತೇ ಎಂದು ಅರ್ಥ. ಕುಚ್ಚಲಕ್ಕಿ ಎಲ್ಲಿಯೂ ಸಿಗಲಿಲ್ಲ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ತಿಳಿಯದೆ ಮೊದಲ ದಿನ ಗಂಜಿಯ ಹಾಗೆ ಬಾಯಲ್ಲಿ ಆಡಿಸಿಕೊಂಡು ಕೂತಿದ್ದೆ. ಅದನ್ನು ತಿರುವಲು ಕಲಿಸಿದವಳೂ ನಂಜಮ್ಮನೇ. ಗಂಟಿಲ್ಲದ ಮುದ್ದೆ ಕಟ್ಟಿದ ದಿನ ಅವಳ ಮನೆಗೆ ಒಂದನ್ನು ತಟ್ಟೆಯಲ್ಲಿಟ್ಟು ಒಯ್ದೆ. ಅವಳು ಅದನ್ನು ಉಣ್ಣಲಿಲ್ಲ. ಬೆರಳಿನಿಂದ ಒತ್ತಿ ನೋಡಿ, ‘ಈಗ ನಮ್ಮೋರಾದ್ರಿ’ ಎಂದು ತಟ್ಟೆಯನ್ನು ಹಿಂದಕ್ಕೆ ಕೊಟ್ಟಳು. ಉಣ್ಣದೇ ಇದ್ದದ್ದನ್ನು ಗಮನಿಸಿದೆ. ಆದರೂ ಆ ಮಾತು ಸಾಕಾಗಿತ್ತು.

ಸಾಮು ಬೆಳಿಗ್ಗೆ ಹೊರಟರೆ ಸಂಜೆ ಬರುತ್ತಿದ್ದ. ಸಂತೆಯ ದಿನ ಕೊಣನೂರು, ಇನ್ನೊಂದು ದಿನ ಚನ್ನರಾಯಪಟ್ಟಣ, ಬಸ್ಸು ತಪ್ಪಿದರೆ ಸೈಕಲ್ಲು. ದಿನವೆಲ್ಲ ನಾನೊಬ್ಬಳೇ. ಯಾರ ಜೊತೆಗೂ ತುಳುವಿನಲ್ಲಿ ಒಂದು ಮಾತಿಲ್ಲ. ಬೆಳಿಗ್ಗೆ ನಂಜಮ್ಮ ಕೆಂಡಕ್ಕೆ ಬಂದು ನಿಂತು ಆಡುವ ನಾಲ್ಕು ಮಾತಿಗಾಗಿ ನಾನು ಬೇಗ ಎದ್ದು ಒಲೆ ಹೊತ್ತಿಸುತ್ತಿದ್ದೆ. ಅದು ಎಷ್ಟು ದೊಡ್ಡದಾಗಿತ್ತೆಂದು ಊರಿನಲ್ಲಿರುವವರಿಗೆ ಹೇಗೆ ಹೇಳಲಿ.

ಭಾನುವಾರ ಸಂಜೆ ನಮ್ಮ ನಡುಮನೆಯಲ್ಲಿ ಯುವಜನರ ಕೂಟ. ಸಾಮು ಬೆಳಿಗ್ಗೆ ಅರಕಲಗೂಡಿನಲ್ಲಿ ಆರಾಧನೆ ಮುಗಿಸಿ ಬಸ್ಸಿನಲ್ಲಿ ಬರುವನು. ಪಟ್ಟಣದ ಹುಡುಗರು ಕೆಲವರು ಅವನ ಜೊತೆಗೇ ಬರುವರು. ಅವರಿಗಿಂತ ಮೊದಲೇ ನಡೆದು ಬರುತ್ತಿದ್ದವರು ಊರಾಚೆಯ ಕೇರಿಯ ಹುಡುಗ ಹುಡುಗಿಯರು. ಕೆಲವರು ಕ್ರೈಸ್ತ ಸಭೆಗೆ ಸೇರಿದವರು, ಕೆಲವರು ಹಾಡಿಗೂ ಓದಿಗೂ ಬರುವವರು. ಅವರಲ್ಲಿ ಮುಂದಾಳು ಸಿದ್ದಮ್ಮ. ಎಂಟನೇ ತರಗತಿ ಪಾಸಾಗಿದ್ದಳು. ಅವಳ ಅಪ್ಪ ನಂಜಮ್ಮನವರ ಗದ್ದೆಯಲ್ಲೇ ಕೂಲಿ ಮಾಡುತ್ತಿದ್ದ. ಮೊದಲ ಕೂಟದ ಹಿಂದಿನ ದಿನ ನಂಜಮ್ಮ ಕೆಂಡ ತೆಗೆದುಕೊಳ್ಳುತ್ತ ಹೇಳಿದಳು:

‘ಆ ಕಡೆ ಐಕಳೂ ಬತ್ತವಂತೆ? ಬರ್ಲಿ, ಓದ್ಕಳ್ಳಿ, ನಂಗೇನು. ಆದ್ರೆ ಲೋಟ ಚೊಂಬು ಎಲ್ಲ ಬೆರ್ಸ್ಬುಟ್ರೆ ನಾಳಿಕ್ಕೆ ನಾನು ಈ ಒಲೆ ಕೆಂಡ ಎಂಗ್ ತಗಂಡೋಗ್ಲಿ? ನೀವೇ ಯೋಳಿ.’

ಸಿಟ್ಟಿನಿಂದ ಹೇಳಿದ್ದಲ್ಲ. ಸೊಸೆಗೆ ಬುದ್ಧಿ ಹೇಳುವ ಹಾಗೆ ಹೇಳಿದಳು.

ಮರುದಿನ ಬಿಸಿಲಲ್ಲಿ ನಡೆದು ಬಂದ ಆ ಮಕ್ಕಳು ಹಿತ್ತಿಲ ಜಗಲಿಯಲ್ಲಿ ಕೂತರು. ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಪದ್ಧತಿಯಲ್ಲವೇ? ಬೆಲ್ಲ ಕೊಟ್ಟೆ. ಲೋಟಕ್ಕೆ ಹೋದ ಕೈ ಹಿಂದೆ ಬಂತು. ಚೊಂಬನ್ನು ಎತ್ತಿ ಹಿಡಿದು, ‘ಬೊಗಸೆ ಒಡ್ಡಿರಿ. ನಮ್ಮ ಊರಿನಲ್ಲಿ ಬಂದವರಿಗೆ ಹೀಗೇ ಕೊಡುವುದು’ ಎಂದೆ. ಸಿದ್ದಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. ‘ಅಂಗಾ ಅಕ್ಕೋರೆ?’ ಎಂದು ಬೊಗಸೆ ಒಡ್ಡಿದಳು. ಬಸ್ಸಿನಲ್ಲಿ ಬಂದ ಪಟ್ಟಣದ ಹುಡುಗರಿಗೆ ಲೋಟದಲ್ಲೇ ಕೊಟ್ಟೆ. ಪ್ರತಿ ಭಾನುವಾರ ಹೀಗೆಯೇ ನಡೆಯಿತು. ಸಾಮು ಬರುವಷ್ಟರಲ್ಲಿ ಕೇರಿಯವರ ನೀರಿನ ಕೆಲಸ ಮುಗಿದಿರುತ್ತಿತ್ತು.

ಒಳಗೆ ಅವನು ಒಂದೇ ಚಾಪೆಯ ಮೇಲೆ ಎಲ್ಲರನ್ನೂ ಕೂರಿಸಿ ಹಾಡು ಹೇಳಿಕೊಡುತ್ತಿದ್ದ. ವಾದ ಮಾಡಿಸುತ್ತಿದ್ದ. ದೇವರು ಯಾಕೆ ಬೇಕೆಂದು ಕೇಳಿದವರಿಗೂ ಬಾಯಿ ಮುಚ್ಚು ಎನ್ನುತ್ತಿರಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿ, ನನ್ನ ತಮ್ಮ ಎಷ್ಟು ಚೆನ್ನಾಗಿ ಮಾಡುತ್ತಾನೆ ಎಂದುಕೊಳ್ಳುತ್ತಿದ್ದೆ. ಎರಡೂ ಒಂದೇ ಮನೆಯಲ್ಲಿ ನಡೆಯುತ್ತಿತ್ತು.

ವರ್ಷದ ಕೊನೆಗೆ ಗುರುಗಳು ಬಂದರು. ನಮ್ಮ ಕರಾವಳಿಯವರೇ, ವಯಸ್ಸಾದವರು. ಅವರು ಆರಾಧನೆಯಲ್ಲಿನ ಪ್ರಸಂಗ ಕೇಳಲು ಬರುವವರಲ್ಲ ಎಂದು ಸಾಮು ಮೊದಲೇ ಹೇಳಿದ್ದ. ಯುವಕರು ಬೋಧಕನ ಮನೆಯಲ್ಲಿ ಹೇಗೆ ಓಡಾಡುತ್ತಾರೆ ಎಂದು ನೋಡಿ ಅಂಕ ಹಾಕುವವರು. ನಾಲ್ಕೂ ಊರುಗಳಿಂದ ಯುವಜನರು ಬಂದು ನಮ್ಮ ಅಂಗಳ ತುಂಬಿತ್ತು. ಸಿದ್ದಮ್ಮ ಬೆಳಿಗ್ಗೆಯೇ ಬಂದು, ‘ನೀರಿನ ಕೆಲ್ಸ ನಂಗಿರ್ಲಿ ಅಕ್ಕೋರೆ, ನೀವು ಅಡುಗೆ ನೋಡ್ಕಳಿ’ ಎಂದಿದ್ದಳು. ಅಡುಗೆಯ ಗಡಿಬಿಡಿಯಲ್ಲಿ ನಾನು ಹೂಂ ಎಂದುಬಿಟ್ಟಿದ್ದೆ.

ಹೊರಗೆ ಬಂದು ನೋಡಿದಾಗ ಅವಳು ಒಂದು ಕೈಯಲ್ಲಿ ಬೆಲ್ಲದ ತಟ್ಟೆ, ಇನ್ನೊಂದರಲ್ಲಿ ಚೊಂಬು ಹಿಡಿದು ಸಾಲಾಗಿ ಬರುತ್ತಿದ್ದಳು. ಎಲ್ಲರ ಬೊಗಸೆಗೂ ನೀರು ಹೊಯ್ಯುತ್ತಿದ್ದಳು. ಅರಕಲಗೂಡಿನ ಮೇಷ್ಟ್ರ ಮಗನಿಗೆ, ಹಾಸನದ ಗುಮಾಸ್ತರಿಗೆ, ಸಾಮುವಿಗೆ. ಸಾಮು ಏನೂ ತಿಳಿಯದೆ ಬೊಗಸೆ ಹಿಡಿದಿದ್ದ.

ಗುರುಗಳ ಸರದಿ ಬಂದಾಗ ಅವರು ಕೇಳಿದರು, ‘ಏನಮ್ಮಾ, ಲೋಟ ಸಾಲಲಿಲ್ಲವೇ?’

‘ಲೋಟ ಬೇಕಾದಷ್ಟವೆ ಸಾ. ಇದು ಅಕ್ಕೋರ ಸೀಮೆ ಪದ್ಧತಿ. ಬಂದೋರ್ಗೆ ಬೊಗಸೆಗೇ ಉಯ್ಯೋದಂತೆ.’

ಗುರುಗಳು ನನ್ನ ಕಡೆ ನೋಡಿದರು. ಅವರೂ ಅದೇ ಸೀಮೆಯವರು. ‘ಎಲ್ಲರಿಗೂ ಹೀಗೆಯೇ ಕೊಡುತ್ತಾರೆಯೇ?’ ಎಂದರು.

‘ಇಲ್ಲ ಸಾ. ಬಸ್ಸಾಗೆ ಬಂದೋರ್ಗೆ ಲೋಟ, ನಡ್ಕಂಡ್ ಬಂದೋರ್ಗೆ ಬೊಗಸೆ. ಇವತ್ತೊಂದಿನ ಎಲ್ರಿಗೂ ಒಂದೇ ಆಗ್ಲಿ ಅಂತ.’

ದನಿ ಏರಿಸಲಿಲ್ಲ. ಯಾರೋ ಒಬ್ಬ ಹುಡುಗ ಕಿಸಕ್ಕೆಂದ. ಗುರುಗಳು ಬೊಗಸೆ ಒಡ್ಡಿ ಪೂರ್ತಿ ಕುಡಿದು, ಪಂಚೆಯ ತುದಿಗೆ ಕೈ ಒರೆಸಿಕೊಂಡು, ‘ಸ್ಯಾಮುವೇಲ, ಇದು ನಿನಗೆ ಗೊತ್ತಿತ್ತೇ?’ ಎಂದು ಕೇಳಿದರು.

ಸಾಮು ನನ್ನನ್ನು ನೋಡಿದ. ಆ ಕ್ಷಣದಲ್ಲಿ ಅವನಿಗೆ ಎಲ್ಲ ತಿಳಿಯಿತು. ‘ಮನೆ ನನ್ನದು, ಗುರುಗಳೇ’ ಎಂದ. ಅಷ್ಟೇ.

ನಾನು ಬಾಯಿ ಬಿಡಬಹುದಿತ್ತು. ಅವನಿಗೆ ಗೊತ್ತಿರಲಿಲ್ಲ, ಮಾಡಿದವಳು ನಾನು ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟು ಜನರ ಮುಂದೆ ನಾಲಿಗೆ ಏಳಲಿಲ್ಲ. ಸಿದ್ದಮ್ಮ ನನ್ನ ಮುಂದೆ ಬಂದು, ‘ನೀವೂ ಇಡೀರಿ ಅಕ್ಕೋರೆ’ ಎಂದಳು. ಬೊಗಸೆ ಒಡ್ಡಿದೆ. ನೀರೆಲ್ಲ ಬೆರಳ ಸಂದಿಯಲ್ಲಿ ಸೋರಿ ಸೀರೆಯ ಮೇಲೆ ಬಿತ್ತು.

ಗುರುಗಳು ಸಾಮುವಿಗೆ ದೀಕ್ಷೆ ಬೇಡವೆನ್ನಲಿಲ್ಲ, ಇನ್ನೊಂದು ವರ್ಷ ಇದೇ ಕೆಲಸ ಮಾಡಲಿ ಎಂದು ಹೋದರು. ಸಾಮು ಓದಿನಲ್ಲಿ ಹಿಂದೆ ಬಿದ್ದನಂತೆ, ಪ್ರಸಂಗ ಸರಿಯಾಗಲಿಲ್ಲವಂತೆ ಎಂದು ಊರಿನಲ್ಲಿ ನೀವೆಲ್ಲ ಮಾತಾಡಿಕೊಂಡಿರಿ. ನನಗೆ ತಿಳಿದಿತ್ತು, ಸುಮ್ಮನಿದ್ದೆ. ಅವನೂ ಯಾರಿಗೂ ಹೇಳಲಿಲ್ಲ. ಅದಕ್ಕಾಗಿಯೇ ಈಗ ಬರೆಯುತ್ತಿದ್ದೇನೆ. ಅವನಿಗೆ ಗೊತ್ತಿರಲಿಲ್ಲ.

ಅವನು ನನ್ನನ್ನು ಬೈಯಲಿಲ್ಲ. ಎಂದಿನಿಂದ ಹೀಗೆ ಎಂದು ಕೇಳಿದ. ಮೊದಲ ಭಾನುವಾರದಿಂದ ಎಂದೆ. ಯಾಕೆ ಎಂದ. ‘ನಂಜಮ್ಮ ಬರುವುದನ್ನು ನಿಲ್ಲಿಸುತ್ತಾಳೆಂದು’ ಎಂದೆ. ಹೇಳಿದ ಮೇಲೆ ಎಷ್ಟು ಸಣ್ಣ ಕಾರಣವೆಂದು ನನಗೇ ಕೇಳಿಸಿತು. ಅವನು, ‘ನಿನ್ನನ್ನು ಇಲ್ಲಿ ಒಬ್ಬಳೇ ಬಿಟ್ಟು ತಿರುಗಿದೆ ನಾನು’ ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುಂದಿನ ಭಾನುವಾರಗಳಲ್ಲಿ ಲೋಟಗಳು ಹೊರಗೆ ಬಂದವು, ಆದರೆ ಸಿದ್ದಮ್ಮ ಬರಲಿಲ್ಲ. ಅವಳು ಬಾರದೆ ಕೇರಿಯಿಂದ ಯಾರೂ ಬರಲಿಲ್ಲ. ಸಾಮುವಿನ ಎರಡನೆಯ ವರ್ಷವೂ ನೀರುಪಾಲಾಗುವ ಹಾಗಿತ್ತು. ಕೊನೆಗೆ ನಾನೇ ಅವಳ ಮನೆಗೆ ಹೋದೆ. ದಾರಿ ಕೇಳಿಕೊಂಡು ಹೋಗುವಾಗ ನಂಜಮ್ಮನ ಮನೆಯ ಆಳುಗಳು ನೋಡಿದರು. ನೋಡಲಿ ಎಂದುಕೊಂಡೆನೆಂದರೆ ಸುಳ್ಳಾಗುತ್ತದೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಸಿದ್ದಮ್ಮ ರಾಗಿ ಬೀಸುತ್ತಿದ್ದಳು. ಎದ್ದು ಚಾಪೆ ಹಾಸಿ, ‘ಕೂತ್ಕಳಿ’ ಎಂದಳು. ತಪ್ಪಾಯಿತೆಂದೆ. ಅವಳು ಒಳಗೆ ಹೋಗಿ ಚೊಂಬು ತಂದಳು. ನಾನು ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದೆ. ಅದೇ ನನಗೆ ತಕ್ಕದ್ದು ಎಂದು ತಿಳಿದಿದ್ದೆ.

‘ಇದೇನಕ್ಕೋರೆ,’ ಎಂದಳು ಸಿದ್ದಮ್ಮ, ‘ನಮ್ಮನೇಲಿ ಲೋಟ ಇಲ್ಲ ಅಂದ್ಕಂಡ್ರಾ?’

ಲೋಟದಲ್ಲೇ ಕೊಟ್ಟಳು. ಮುಂದಿನ ಭಾನುವಾರ ಬಂದಳು, ಉಳಿದವರೂ ಬಂದರು.

ನಂಜಮ್ಮ ಕೆಂಡಕ್ಕೆ ಬರುವುದು ನಿಂತಿತು. ಮನೆ ಬಿಡಿ ಎಂದೂ ಅನ್ನಲಿಲ್ಲ. ಗೋಡೆಯ ಆಚೆಯಿಂದ, ‘ಏನವ್ವ, ಚೆನ್ನಾಗಿದೀರಾ?’ ಎನ್ನುತ್ತಾಳೆ. ಬೆಂಕಿಯನ್ನು ಇನ್ನೊಂದು ಮಗ್ಗುಲಿನ ಮನೆಯಿಂದ ತರುತ್ತಾಳೆ. ಸಾಮುವಿಗೆ ಮರುವರ್ಷ ದೀಕ್ಷೆಯಾಯಿತು. ಈಗ ಹಾಸನದಲ್ಲಿದ್ದಾನೆ, ಮದುವೆಯಾಗಿದೆ. ಹುಡುಗಿಯರ ಭಾನುವಾರದ ಕೂಟವನ್ನು ಸಿದ್ದಮ್ಮ ನಡೆಸುತ್ತಾಳೆ, ಮನೆ ತೆರೆದಿಡಲು ನಾನು ಇಲ್ಲೇ ಉಳಿದೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಿದ್ದೆನಲ್ಲ, ಅಣ್ಣನ ಮನೆಯಲ್ಲಿ ಬೆಲ್ಲ ನೀರು ಕೊಟ್ಟರು. ಅಪ್ಪನ ಹೆಸರು ಕೊರೆದ ಹಿತ್ತಾಳೆ ಲೋಟ. ಬಂಗುಡೆ ಸಾರಿನ ವಾಸನೆ ಬರುತ್ತಿತ್ತು, ಕಿವಿತುಂಬ ತುಳು. ಇದೇ ನನ್ನ ಮನೆ ಎನ್ನಿಸಿತು. ಆಗ ಕೆಳಗೆ ಅಂಗಳದಲ್ಲಿ ನಿಂತ ಕೆಲಸದ ಹೆಂಗಸಿಗೆ ಅತ್ತಿಗೆ ಜಗಲಿಯ ಮೇಲಿನಿಂದ ಬೊಗಸೆಗೆ ನೀರು ಹೊಯ್ದರು. ಚಿಕ್ಕಂದಿನಿಂದ ನೋಡಿದ್ದು, ಎಂದೂ ಕಣ್ಣಿಗೆ ಬಿದ್ದಿರಲಿಲ್ಲ. ಸಿದ್ದಮ್ಮನಿಗೆ ನಮ್ಮೂರ ಪದ್ಧತಿ ಎಂದು ಸುಳ್ಳು ಹೇಳಿದೆನೆಂದು ಇಷ್ಟು ವರ್ಷ ಕೊರಗಿದ್ದೆ. ಅದು ಸುಳ್ಳಾಗಿರಲಿಲ್ಲ.

ನನ್ನ ಲೋಟಕ್ಕೆ ನೀರು ತುಂಬಿ ಕೆಳಗಿಳಿದು ಆ ಹೆಂಗಸಿಗೆ ಕೊಟ್ಟೆ. ಅವಳು ಹೆದರಿ ಅತ್ತಿಗೆಯ ಮುಖ ನೋಡಿ, ಆಮೇಲೆ ಕುಡಿದಳು. ‘ಘಟ್ಟ ಹತ್ತಿ ನೀನು ಅಲ್ಲಿಯವಳೇ ಆದೆ’ ಎಂದರು ಅತ್ತಿಗೆ. ಇಲ್ಲಿ ಹೊಳೆನರಸೀಪುರದಲ್ಲಿ ನಾನಿನ್ನೂ ಮಂಗಳೂರು ಅಕ್ಕ. ಹೊರಡುವ ದಿನ ನೋಡಿದರೆ ಆ ಲೋಟ ಜಗಲಿಯ ಮೂಲೆಯಲ್ಲೇ ಬಿದ್ದಿತ್ತು, ಒಳಗೆ ತೆಗೆದುಕೊಂಡಿರಲಿಲ್ಲ. ಚೀಲಕ್ಕೆ ಹಾಕಿಕೊಂಡು ಬಂದೆ.

ಈಗ ಅದು ಇಲ್ಲಿಯ ಲೋಟಗಳ ಜೊತೆ ಇದೆ. ಭಾನುವಾರ ಯಾರ ಕೈಗೆ ಬರುತ್ತದೋ ಅವರು ಅದರಲ್ಲಿ ಕುಡಿಯುತ್ತಾರೆ. ಬೆಳಿಗ್ಗೆ ಕಡ್ಡಿ ಗೀರಿ ಒಲೆ ಹಚ್ಚುತ್ತೇನೆ. ಹಚ್ಚುವಾಗ ಇಂದಿಗೂ ಒಂದು ಕಿವಿ ಹಿತ್ತಿಲ ಬಾಗಿಲ ಕಡೆಗೇ ಇರುತ್ತದೆ.