ನದಿದಂಡೆ ಓಣಿಗೆ ಮುಟ್ಟದ ಸುದ್ದಿ

ನಾಲ್ಕು ವರ್ಷದ ಹಿಂದಿನ ಮಳೆಗಾಲ. ಆಗ ನಾನು ರಾಮದುರ್ಗದ ಒಂದು ಸ್ಥಳೀಯ ಕೇಬಲ್ ಚಾನೆಲ್ಲಿನ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಎಂದರೆ ದೊಡ್ಡ ಮಾತಾಯಿತು. ಸುದ್ದಿ ಬರೆಯುವವನು, ಓದುವವನು, ಕ್ಯಾಮೆರಾ ಚಾಲೂ ಮಾಡುವವನು ಎಲ್ಲ ನಾನೇ. ಬೈಲಹೊಂಗಲದ ನಮ್ಮ ಮನೆತನ ಪುರಾಣ ಹೇಳುವವರದು. ಅಪ್ಪ ಗುಡಿಯ ಕಟ್ಟೆಯ ಮೇಲೆ ಕೂತು ಹೇಳಿದರು, ನಾನು ಟ್ಯೂಬ್‌ಲೈಟಿನ ಕೆಳಗೆ ಕೂತು ಹೇಳಿದೆ. ಸವದತ್ತಿಯಲ್ಲಿ ಆರು ವರ್ಷ ಕೆಲಸ ಕಲಿತು ರಾಮದುರ್ಗಕ್ಕೆ ಬಂದವನನ್ನು ಜನ ಟಿವಿ ಜೋಶಿ ಎಂದೇ ಕರೆಯುತ್ತಿದ್ದರು.

ಸಂಜೆ ಏಳೂವರೆಗೆ ನಮ್ಮ ಊರ ಸುದ್ದಿ. ಯಾರು ತೀರಿಕೊಂಡರು, ಯಾವ ದಿನ ನಳ ಬರುವುದಿಲ್ಲ, ಯಾರ ಎಮ್ಮೆ ತಪ್ಪಿಸಿಕೊಂಡಿದೆ ಎಂಬಂಥ ಸುದ್ದಿ. ಆ ಹೊತ್ತಿಗೆ ಒಂದು ಓಣಿಯನ್ನು ಈ ತುದಿಯಿಂದ ಆ ತುದಿಗೆ ನಡೆದುಹೋದರೆ ಒಂದು ವಾಕ್ಯವೂ ತಪ್ಪುತ್ತಿರಲಿಲ್ಲ, ಪ್ರತಿ ಬಾಗಿಲಿನಿಂದಲೂ ನನ್ನದೇ ದನಿ. ಮದುವೆ ಮನೆಯಲ್ಲಿ ಹಿರಿಯರು, "ಜೋಶ್ಯಾರ ಸುದ್ದಿ ಮುಗೀಲಿ ತಡೀರಿ, ಆಮ್ಯಾಲ ಪಂಕ್ತಿ ಕುಂಡ್ರಸೂಣು" ಎಂದದ್ದನ್ನು ಕಿವಿಯಾರೆ ಕೇಳಿದ್ದೇನೆ. ಹದಿನೆಂಟುನೂರು ಮನೆಗೆ ನಮ್ಮ ತಂತಿ ಇತ್ತು. ನನಗೆ ಸೊಕ್ಕು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಫೋನು ಬಂತು, ಅಗ್ಗದ ಇಂಟರ್‌ನೆಟ್ ಬಂತು, ಅದರ ಹಿಂದೆ ಇಂಟರ್‌ನೆಟ್ಟಿಗೇ ಜೋಡಿಸುವ ದೊಡ್ಡ ಟಿವಿ. "ಕೇಬಲ್ ಬ್ಯಾಡ ಬಿಡ್ರಿ, ನಮಗ ಬೇಕಾದಾಗ ಬೇಕಾದ್ದು ನೋಡ್ತೇವಿ" ಎಂದು ಒಬ್ಬೊಬ್ಬರೇ ತಂತಿ ಕಿತ್ತಿಸಿದರು. ನಮ್ಮ ಕಂಟ್ರೋಲ್ ರೂಮಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಪ್ರತಿ ಮನೆಯ ಸೆಟ್‌ಟಾಪ್ ಬಾಕ್ಸಿಗೆ ಅದರಲ್ಲಿ ಒಂದು ಚುಕ್ಕೆ. ಚಾಲೂ ಇದ್ದರೆ ಹಸಿರು, ಬಂದಾದರೆ ಕೆಂಪು. ಆ ಮಳೆಗಾಲದ ಹೊತ್ತಿಗೆ ಹಸಿರು ಉಳಿದದ್ದು ಇನ್ನೂರ ಹನ್ನೆರಡು. ನಾನು ಆ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿದ್ದೆ.

ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಸರಕಾರಿ ಕಚೇರಿಯಲ್ಲಿ ಪ್ರವಾಹ ಸಿದ್ಧತೆಯ ಸಭೆ ನಡೆಯುತ್ತಿತ್ತು. ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ. ತುಂಬಿಕೊಡುವ ಹಾಳೆಯಲ್ಲಿ 'ಸ್ಥಳೀಯ ಚಾನೆಲ್ ತಲುಪುವ ಮನೆಗಳು' ಎಂಬ ಕಾಲಂ ಇರುತ್ತಿತ್ತು. ಪ್ರತಿ ವರ್ಷ ಹದಿನೆಂಟುನೂರು ಎಂದೇ ಬರೆದೆ. ಇನ್ನೂರು ಎಂದು ಬರೆದರೆ ಆ ಕುರ್ಚಿ ಹಿಂದಕ್ಕೆ ಹೋಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ!

ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಚೇರಿಯ ಅಧಿಕಾರಿಯ ಫೋನ್ ಬಂತು. ಜಲಾಶಯದಿಂದ ಮಲಪ್ರಭೆಗೆ ನೀರು ಬಿಡುತ್ತಿದ್ದಾರೆ, ಮರುದಿನ ನಸುಕಿಗೆ ದಂಡೆಯ ಓಣಿಗಳಿಗೆ ನುಗ್ಗಬಹುದು ಎಂದರು. "ಮೈಕಿನ ಗಾಡಿ ನಮ್ಮ ಕಡೆ ಒಂದ ಐತ್ರಿ. ನದಿದಂಡಿ ಓಣಿಗೆ ನೀವ ಮುಟ್ಟಸ್ತೀರೋ, ಗಾಡಿ ಕಳಸ್ಲೋ?"

"ಅದೇನ ಕೇಳ್ತೀರಿ ಸಾಹೇಬರ? ಪೂರಾ ಓಣಿಗೆ ನಮ್ಮ ಕೇಬಲ್ ಅದ. ಗಾಡಿ ಹಳ್ಳಿ ಕಡೆ ಕಳಸ್ರಿ."

ಗಾಡಿ ಹಳ್ಳಿಗಳಿಗೆ ಹೋಯಿತು. ವಾಟ್ಸಾಪಿನಲ್ಲಿ ಆಗಲೇ ಎಲ್ಲಿಯವೋ ಪ್ರವಾಹದ ಹಳೆಯ ವಿಡಿಯೋಗಳು ವಾರದಿಂದ ಓಡಾಡಿ, ಜನ ಯಾವುದನ್ನೂ ನಂಬದಂತಾಗಿದ್ದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಕ್ಯಾಮೆರಾದ ಮುಂದೆ ಕೂತೆ. ಮಧ್ಯಾಹ್ನದಿಂದ ಸಂಜೆಯವರೆಗೆ ಆರು ಸಲ ಓದಿದೆ. ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ಅಕ್ಷರ ಓಡಿಸಿದೆ. ನಾವು ಅದಕ್ಕೆ ಸ್ಕ್ರೋಲ್ ಅನ್ನುತ್ತೇವೆ. ಅದು ಕಾಣುವುದು ನಮ್ಮ ಚಾನೆಲ್ ಹಚ್ಚಿದವರಿಗೆ ಮಾತ್ರ. ನಡುವೆ ಒಮ್ಮೆ ಟವೆಲ್ ಸರಿಸಿ ನೋಡಿದೆ. ನದಿದಂಡೆ ಓಣಿಯ ತೊಂಬತ್ತು ಮನೆಗಳಲ್ಲಿ ಹಸಿರು ಚುಕ್ಕೆ ಮೂರು. ಅದರಲ್ಲಿ ಒಂದು ಚಹಾದಂಗಡಿ, ಅಲ್ಲಿ ಬೆಳಗಿನಿಂದ ಸಂಜೆತನಕ ಕ್ರಿಕೆಟ್ಟೇ. ಸ್ಕೂಟರ್ ಹತ್ತಿದರೆ ಆ ಓಣಿ ಹತ್ತು ನಿಮಿಷದ ಹಾದಿ. ನಾನು ಟವೆಲ್ ಮತ್ತೆ ಹೊದಿಸಿ ಇನ್ನೊಂದು ಸಲ ಓದಲು ಕೂತೆ. ಇವತ್ತಿಗೂ ನನ್ನನ್ನು ನಾನೇ ಕ್ಷಮಿಸಲಾಗದ ಹತ್ತು ನಿಮಿಷ ಅದು.

ನಸುಕಿಗೆ ನೀರು ನುಗ್ಗಿತು. ಜನ ಶಾಲೆಯ ಮಾಳಿಗೆ ಹತ್ತಿ ಪಾರಾದರು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಅದು ನೇಕಾರರ ಓಣಿ. ಅಲ್ಲಿಯವು ಕುಣಿಮಗ್ಗಗಳು: ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅರ್ಧ ದಿನ ಸಿಕ್ಕಿದ್ದರೆ ಹಾಸಿನ ನೂಲು ಸುತ್ತಿ, ಮಗ್ಗದ ಕಟ್ಟಿಗೆ ಬಿಚ್ಚಿ ಮಾಳಿಗೆಗೆ ಏರಿಸಬಹುದಿತ್ತು. ಈರಪ್ಪ ಮತ್ತು ಶಾಂತವ್ವ ಎಂಬ ಗಂಡ ಹೆಂಡತಿಯ ಮನೆಯಲ್ಲಿ ಎರಡು ಮಗ್ಗ. ಒಂದು ರಾಡಿಯಲ್ಲಿ ಹೂತಿತ್ತು, ಇನ್ನೊಂದು ಗೋಡೆಯ ಸಮೇತ ಹೋಗಿತ್ತು.

ಎರಡು ವಾರದ ಮೇಲೆ ಕಚೇರಿಯವರು ನನ್ನನ್ನೂ ಕರೆಸಿಕೊಂಡು, ಓಣಿಯಲ್ಲೇ ಕುರ್ಚಿ ಹಾಕಿ ಹೊಸ ಮಗ್ಗ ಕೊಡಬೇಕಾದವರ ಪಟ್ಟಿ ಮಾಡಿದರು. ಮೊದಲೇ ತಿಳಿಸಿದರೂ ಸಾಮಾನು ತೆಗೆಯದವರನ್ನು ಪಟ್ಟಿಯ ಕೊನೆಗೆ ಬರೆಯುತ್ತಾರೆ ಎಂಬ ಮಾತಿತ್ತು. ಶಾಂತವ್ವ ಮುಂದೆ ಬಂದು, "ನಮಗ ಯಾರೂ ಹೇಳಿಲ್ರಿ ಸಾಹೇಬರ" ಎಂದಳು. ಅಧಿಕಾರಿ ನನ್ನ ಕಡೆ ನೋಡಿದರು. ನಾನು ಆರು ಸಲ ಓದಿದ್ದರ ರೆಕಾರ್ಡಿಂಗ್ ಕೊಟ್ಟೆ, ಹದಿನೆಂಟುನೂರು ಮನೆಗೆ ತಲುಪಿದೆ ಎಂಬ ಹಾಳೆಗೆ ಸಹಿ ಹಾಕಿದೆ. ಶಾಂತವ್ವನ ಹೆಸರು ಪಟ್ಟಿಯ ಕೊನೆಗೆ ಹೋಯಿತು.

ಆಕೆ ಸಿಟ್ಟಾಗಲಿಲ್ಲ. "ನಾವು ನೇಯುಮುಂದ ಫೋನಿನ್ಯಾಗ ಧಾರಾವಾಹಿ ಹಚ್ಚಿರತೇವಿ. ಅದರಾಗ ನಿಮ್ಮ ಕೆಂಪು ಪಟ್ಟಿ ಬರೂದಿಲ್ಲಲ್ರಿ" ಎಂದಳು. ಆಮೇಲೆ ಎಲ್ಲರ ಎದುರಿಗೆ ಕೇಳಿದಳು: "ಇರ್ಲಿ ಬಿಡ್ರಿ. ನಿಮ್ಮ ಮನ್ಯಾಗ ಯಾರು ನೋಡಿದ್ರು, ಜೋಶ್ಯಾರ?"

ನಾನು ಸ್ಕೂಟರ್ ಹತ್ತಿದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಹೆಂಡತಿ ಕಿವಿಗೆ ವೈರ್ ಸಿಕ್ಕಿಸಿಕೊಂಡು ಫೋನಿನಲ್ಲಿ ಏನೋ ನೋಡುತ್ತಲೇ ಬಡಿಸಿದಳು. ಆ ದಿನ ನಾನು ಓದಿದ್ದನ್ನು ನೋಡಿದ್ದೆಯಾ ಎಂದು ಕೇಳಿದೆ. ಒಂದು ಕಿವಿಯ ವೈರ್ ತೆಗೆದು, "ಯಾವಾಗ ಓದಿದ್ರಿ?" ಎಂದಳು. ತಂತಿ ಕಿತ್ತಿಸಿದರೆಂದು ಊರನ್ನು ಬಯ್ಯುತ್ತ ಬಂದವನಿಗೆ ತನ್ನ ಮನೆಯೂ ಆ ಊರಲ್ಲೇ ಇದೆ ಎಂದು ಗೊತ್ತಾಗಲು ಅಷ್ಟು ದಿನ ಬೇಕಾಯಿತು.

ಆದರೂ ಕಚೇರಿಗೆ ಹೋಗಲು ಮತ್ತೆ ಹನ್ನೆರಡು ದಿನ ಹಿಂದೆ ಮುಂದೆ ನೋಡಿದೆ. ಕೊನೆಗೆ ನಿಜ ಬರೆದುಕೊಂಡು ಹೋದೆ: ಊರಿಗೆಲ್ಲ ಇನ್ನೂರ ಹನ್ನೆರಡು ಮನೆ, ನದಿದಂಡೆ ಓಣಿಗೆ ಮೂರು. ಅಧಿಕಾರಿ ಓದಿ ಕನ್ನಡಕ ತೆಗೆದರು. "ಜೋಶಿಯವರ, ಆ ದಿನಾನ ಇಷ್ಟು ಹೇಳಿದ್ರ ಗಾಡಿ ಈ ಕಡೆ ತಿರುಗಿಸ್ತಿದ್ದೆ. ಮಗ್ಗದ ಪಟ್ಟಿ ಮ್ಯಾಲಿನ ಆಫೀಸಿಗೆ ಹೋಗಿ ವಾರ ಆತು." ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗಾಯಿತು. ತಿದ್ದುಪಡಿಗೆ ಬರೆಯುತ್ತೇನೆ ಎಂದರು, ಬರೆದರು ಕೂಡ. ಅಷ್ಟರಲ್ಲಿ ಬಂದ ಮಗ್ಗಗಳು ಹಂಚಿ ಮುಗಿದಿದ್ದವು.

ಆ ದಿನ ಕಚೇರಿಯಿಂದ ನೇರ ಶಾಂತವ್ವನ ಮನೆಗೆ ಹೋದೆ. ಈರಪ್ಪ ಬುಟ್ಟಿಯಲ್ಲಿ ಮಣ್ಣು ತಂದು ಮಗ್ಗದ ಕುಣಿಗೆ ಸುರಿಯುತ್ತಿದ್ದ, ಆಕೆ ತುಳಿದು ಸಮ ಮಾಡುತ್ತಿದ್ದಳು. ಕಿತ್ತೂರಿನ ಕಡೆ ಇಟ್ಟಂಗಿ ಭಟ್ಟಿಯಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತ್ತಂತೆ. ನಾನು ನಿಂತೇ ಎಲ್ಲ ಹೇಳಿದೆ, ಮೂರು ಚುಕ್ಕೆಯ ವಿಷಯವನ್ನೂ ಹೇಳಿದೆ. ಈರಪ್ಪ ಬುಟ್ಟಿ ಕೆಳಗಿಟ್ಟು ಹೊರಗೆ ಹೋದ. ಶಾಂತವ್ವ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಹೋಗ್ರಿ ಜೋಶ್ಯಾರ," ಎಂದಳು. "ಇದನ್ನರೆ ಟಿವ್ಯಾಗ ಓದಬ್ಯಾಡ್ರಿ."

ಆ ವರ್ಷವೇ ಚಾನೆಲ್ ಮುಚ್ಚಿತು. ಜನ ಒಂದೇ ಹೊತ್ತಿಗೆ ಒಂದೇ ಪರದೆ ನೋಡುವ ಕಾಲ ಮುಗಿದದ್ದಕ್ಕೆ ನಾನು ವರ್ಷಗಟ್ಟಲೆ ಜನರ ಮೇಲೆ ಹಲ್ಲು ಕಡಿದೆ. ಅವರು ತಮ್ಮ ಟಿವಿ ಬದಲಿಸಿದರು, ಅಷ್ಟೆ. ಸುಳ್ಳು ಬರೆದವನು ನಾನು. ಓದಿದ್ದೆಲ್ಲ ಮುಟ್ಟಿದ ಹಾಗಲ್ಲ, ಮುಟ್ಟಿತೋ ಇಲ್ಲವೋ ಎಂದು ಹೋಗಿ ನೋಡುವುದೂ ಹೇಳುವವನ ಕೆಲಸವೇ ಎಂಬುದು ಇಪ್ಪತ್ತು ವರ್ಷದ ವೃತ್ತಿಯಲ್ಲಿ ನಾನು ಕಲಿತ ಒಂದೇ ಪಾಠ. ಈಗ ನದಿಗೆ ನೀರು ಬಿಡುತ್ತಾರೆ ಎಂದು ಕೇಳಿದ ಕೂಡಲೇ ನಡೆದುಕೊಂಡೇ ಆ ಓಣಿಗೆ ಹೋಗಿ ಒಂದೊಂದೇ ಬಾಗಿಲು ಬಡಿಯುತ್ತೇನೆ. ಶಾಂತವ್ವನ ಮನೆಗೆ ಮಾತ್ರ ಕೀಲಿ ಬಿದ್ದಿರುತ್ತದೆ.