ಖಾಲಿ ಸಾಲುಗಳ ಪೋಸ್ಟ್‌ಮ್ಯಾನ್

ಆಸ್ಪತ್ರೆಯ ಮೂರನೇ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ ಹನ್ನೊಂದು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತವನು ಪ್ರೋಗ್ರಾಮರ್. ಆದರೆ ಎಲ್ಲರೂ ಅವನನ್ನು ಪೋಸ್ಟ್‌ಮ್ಯಾನ್ ಎನ್ನುತ್ತಿದ್ದರು.

ಪರೀಕ್ಷೆಯಲ್ಲಿ ಏರುಪೇರು ಕಂಡ ರೋಗಿಗಳ ಪಟ್ಟಿ ದಿನಾ ಬೆಳಿಗ್ಗೆ ನಮಗೆ ಬರುತ್ತಿತ್ತು. ಅದನ್ನು ಫೋನ್ ನಂಬರುಗಳ ಪಟ್ಟಿಯಾಗಿ ಬದಲಿಸಿ, ‘ಬಂದು ವೈದ್ಯರನ್ನು ಕಾಣಿ’ ಎಂಬ ಸಂದೇಶ ಕಳಿಸುವುದು ನಮ್ಮ ಪ್ರೋಗ್ರಾಮಿನ ಕೆಲಸ. ಕೆಲವರ ನಂಬರಿನ ಜಾಗ ಖಾಲಿ ಇರುತ್ತಿತ್ತು. ನಾವು ಅದನ್ನು ನಲ್ ಎನ್ನುತ್ತೇವೆ. ಅಂಥವರನ್ನೆಲ್ಲ ಅವನು ಬೇರೆ ಪಟ್ಟಿಗೆ ಹಾಕಿ, ಸಂಜೆ ಸ್ಕೂಟರಿನಲ್ಲಿ ಮನೆ ಹುಡುಕಿಕೊಂಡು ಹೋಗಿ ಹೇಳಿಬರುತ್ತಿದ್ದ.

“ನಿನಗ್ಯಾಕೋ ಊರ ಉಸಾಬರಿ?” ಎಂದರೆ, “ನಂಬರ್ ಇಲ್ಲ ಅಷ್ಟೇ. ಮನುಷ್ಯ ಇದಾನಲ್ಲೋ,” ಅನ್ನುತ್ತಿದ್ದ.

ಕಳೆದ ವರ್ಷ ಅವನು ರಜೆ ಹಾಕಿದ ವಾರ ಆ ಪಟ್ಟಿ ನನ್ನ ಮೇಜಿಗೆ ಬಂತು. ಒಂಬತ್ತು ಹೆಸರು, ಒಂಬತ್ತು ಗಲ್ಲಿ. ಮೊದಲ ದಿನಕ್ಕೇ ಸಾಕಾಯಿತು. ನಂಬರ್ ಇಲ್ಲದವರನ್ನು ಮೊದಲೇ ಸೋಸಿ ಬಿಸಾಡುವ ಒಂದು ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದೆ. ಅವನು ಮರಳಿದಾಗ, “ಕೌಂಟರಿನವರು ಈಗ ಎಲ್ಲರ ನಂಬರೂ ಬರ್ಕೊಳ್ತಿದಾರೆ. ನಿನ್ನ ಪಟ್ಟಿ ಖಾಲಿ,” ಎಂದೆ.

“ಅಂತೂ ನನ್ನ ಸ್ಕೂಟರಿಗೆ ಪಿಂಚಣಿ ಸಿಕ್ತು ಬಿಡು!” ಎಂದು ನಕ್ಕ. ನಾನು ಹೇಳಿದ್ದನ್ನು ಅವನೆಂದೂ ಪರೀಕ್ಷಿಸಿ ನೋಡಿದವನಲ್ಲ.

ಆಮೇಲೆ ಸಿಬ್ಬಂದಿಗೆಲ್ಲ ರಕ್ತಪರೀಕ್ಷೆ ನಡೆಯಿತು. ಫೋನಿನ ಜಾಗವನ್ನು ಅವನು ಹಾಗೇ ಬಿಟ್ಟ. ಕೌಂಟರಿನಾಕೆ ಕೇಳಿದ್ದಕ್ಕೆ, “ಮೇಲೇ ಇರ್ತೀನಲ್ಲಮ್ಮ, ಒಂದು ಕೂಗು ಹಾಕಿ,” ಎಂದನಂತೆ. ಖಾಲಿ ಬಿಟ್ಟರೂ ತನ್ನ ಬೇರೆ ಪಟ್ಟಿ ಹಿಡಿಯುತ್ತದೆ ಎಂದುಕೊಂಡಿರಬೇಕು. ಅವನ ವರದಿಯಲ್ಲಿ ಏರುಪೇರಿತ್ತು. ಹೆಸರು ಬೆಳಗಿನ ಪಟ್ಟಿಗೆ ಬಂತು. ನನ್ನ ಸಾಲು ಅದನ್ನು ಬಿಸಾಡಿತು.

ನಾಲ್ಕು ತಿಂಗಳ ಬಳಿಕ ಮೆಟ್ಟಿಲಲ್ಲಿ ಕುಸಿದವನು ಮತ್ತೆ ಏಳಲಿಲ್ಲ. “ಮೊದಲೇ ಬಂದಿದ್ರೆ...” ಎಂದು ವೈದ್ಯರು ಅಷ್ಟಕ್ಕೇ ನಿಲ್ಲಿಸಿದರು.

ಹದಿನೈದು ದಿನದ ಮೇಲೆ ಅವನ ಹೆಂಡತಿ, ನಾನು ಅತ್ತಿಗೆ ಎನ್ನುವವರು, ಅವನ ಸಾಮಾನು ಒಯ್ಯಲು ಬಂದರು. ಊಟದ ಡಬ್ಬಿ, ಕನ್ನಡಕ, ತೋಳು ಹರಿದ ಸ್ವೆಟರ್.

“ಎಷ್ಟು ಜನರ ಬಾಗಿಲು ತಟ್ಟಿದ್ರು. ಇವರಿಗೆ ಒಂದು ಮಾತು ಹೇಳೋರು ಯಾರೂ ಇರ್ಲಿಲ್ವಾ?”

ನಾನು ಎಲ್ಲವನ್ನೂ ಹೇಳಿದೆ. ಅವರು ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿ, ಎದ್ದು ಹೋದರು. ಈವರೆಗೆ ನನ್ನೊಡನೆ ಮಾತಾಡಿಲ್ಲ.

ಆ ಸಾಲನ್ನು ಅಳಿಸಿದ್ದೇನೆ. ಇವತ್ತಿನ ಬೇರೆ ಪಟ್ಟಿಯಲ್ಲಿ ನಾಲ್ಕು ಹೆಸರಿವೆ. ನನಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ಐದೂವರೆಯ ಬಸ್ಸು ಹಿಡಿಯಬೇಕು.